ನಟ್ಟಿಗೆ ಕಟ್ಟಿದ ದಾರ

ಗಾಡಿಯ ಕೆಳಗೆ ಮನುಷ್ಯ ನೆಟ್ಟಗೆ ನಿಂತುಕೊಂಡು ಕೆಲಸ ಮಾಡುವುದನ್ನು ನಾನು ಮೊದಲು ನೋಡಿದ್ದು ಚಳ್ಳಕೆರೆ ಬೈಪಾಸಿನ ಹೊಸ ಆಯಿಲ್ ಅಂಗಡಿಯಲ್ಲಿ. ಸ್ಟೇರಿಂಗ್ ಹಿಡಿದ ಲಾಗಾಯ್ತಿನಿಂದ ನನಗೆ ಗಾಡಿಯ ಕೆಳಗು ಅಂದರೆ ಗೋಣಿತಾಟು ಹಾಸಿ ಅಂಗಾತ ಮಲಗಿ, ಕಣ್ಣಿಗೆ ಮಣ್ಣು ಬೀಳಿಸಿಕೊಳ್ಳುವ ಜಾಗ. ಇಲ್ಲಿ ನೆಲವನ್ನೇ ಉದ್ದಕ್ಕೆ ಕೊರೆದು ಗುಂಡಿ ಮಾಡಿ, ಅದರ ಗೋಡೆಗೆಲ್ಲ ಬಿಳಿ ಟೈಲ್ಸ್ ಹಚ್ಚಿ, ಟ್ಯೂಬ್‌ಲೈಟ್ ಹಾಕಿದ್ದಾರೆ. ಗಾಡಿ ಬಂದು ಗುಂಡಿಯ ಮೇಲೆ ನಿಲ್ಲುತ್ತದೆ, ಕೆಳಗಿನವನು ಮಾವಿನಕಾಯಿ ಕೀಳುವವನಂತೆ ತಲೆಯೆತ್ತಿ ಕೈಚಾಚುತ್ತಾನೆ. ನಮ್ಮೂರ ಆಸ್ಪತ್ರೆಯಲ್ಲೂ ಅಷ್ಟು ಬೆಳಕಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಆಶ್ಚರ್ಯ ಅದಕ್ಕಿಂತ ಬೇಗ ಬರುತ್ತದೆ. ಶೇಂಗಾ ಮೂಟೆ ಮಂಡಿಗೆ ಇಳಿಸಿ ವಾಪಸ್ ಬರುವಾಗ ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತುಬಿಟ್ಟಿದ್ದೆ.

ಊರಿಗೆ ಬಂದು ಅದನ್ನು ವರ್ಣಿಸಿದಾಗ ನನ್ನ ಹೆಂಡತಿ ಸೂರಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಟೈಲ್ಸ್ ಎಷ್ಟಾದರೂ ಬೆಳ್ಳಗಿರಲಿ, ಒಳಗೆ ಆಯಿಲ್ ಬದಲಾಯಿಸುತ್ತಾರೋ ಇಲ್ಲವೋ ನೋಡಿದೆಯಾ ಅಂದಳು. ನೋಡಿರಲಿಲ್ಲ. ಗಿರಾಕಿಗಳನ್ನೆಲ್ಲ ಗಾಜಿನ ರೂಮಿನಲ್ಲಿ ಕೂರಿಸಿ ಟೀ ಕೊಡುತ್ತಾರೆ, ಅಲ್ಲಿಂದ ಗಾಡಿಯ ಮೂತಿ ಮಾತ್ರ ಕಾಣುತ್ತದೆ. ಹಾಗಾದರೆ ಟೀ ಕುಡಿಯುವುದಕ್ಕೆ ಬೇಕಾದರೆ ಹೋಗು ಅಂದಳು.

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಗೂಡ್ಸ್ ಗಾಡಿಯೇ ನಮ್ಮ ಮನೆಯ ಅನ್ನ. ಹಿಂದೊಮ್ಮೆ ಹೆದ್ದಾರಿಯ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದೆವು ಅಂತ ಹೇಳಿ ಕಳಿಸಿದ್ದರು. ಫಿಲ್ಟರ್ ಮಾತ್ರ ಹೊಸದಾಗಿ ಫಳಫಳ ಹೊಳೆಯುತ್ತಿತ್ತು. ಒಳಗೆ ಹಳೆಯ ಆಯಿಲ್ ಗಸಿಯಾಗಿ, ಒಂದು ಮಧ್ಯಾಹ್ನ ಏರಿನಲ್ಲಿ ಇಂಜಿನ್ ಕಟ್ ಅಂತ ಹಿಡಿದುಕೊಂಡು ನಿಂತಿತು. ಆಮೇಲೆ ಗಾಡಿ ತಿಂಗಳುಗಟ್ಟಲೆ ಮನೆಯ ಮುಂದೆ ಇಟ್ಟಿಗೆಯ ಮೇಲೆ ನಿಂತಿತ್ತು, ನಾನು ಮಂಡಿಯಲ್ಲಿ ಬೇರೆಯವರ ಲಾರಿಗೆ ಮೂಟೆ ಹೊರುತ್ತಿದ್ದೆ. ಮತ್ತೊಮ್ಮೆ ಹಾಗಾದರೆ ನಾವು ಏಳುವುದಿಲ್ಲ ಅನ್ನುವುದು ನನಗೂ ಗೊತ್ತು, ಅವಳಿಗೂ ಗೊತ್ತು.

ಅದೂ ಅಲ್ಲದೆ ಸೂರಮ್ಮ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡಿದವನ ಮಗಳು. ಚಳ್ಳಕೆರೆ ಸುತ್ತಿನಲ್ಲಿ ಮನೆಬಳಕೆಯ ಎಣ್ಣೆಯನ್ನು ಯಾರೂ ಹಾಗೇ ನಂಬಿ ತರುವುದಿಲ್ಲ. ನಮ್ಮ ಶೇಂಗಾ ಬೀಜ ನಾವೇ ಹೊತ್ತುಕೊಂಡು ಹೋಗಬೇಕು, ಅದು ಗಾಣಕ್ಕೆ ಬೀಳುವುದನ್ನು ನೋಡಬೇಕು, ಎಣ್ಣೆ ನಮ್ಮ ಡಬ್ಬಿಗೇ ಇಳಿಯಬೇಕು, ಕೊನೆಗೆ ಹಿಂಡಿಯನ್ನೂ ಚೀಲಕ್ಕೆ ತುಂಬಿಕೊಂಡು ಬರಬೇಕು. ನಡುವೆ ಒಂದು ಗಳಿಗೆ ಆಚೆ ಹೋದರೆ ಯಾರದೋ ಎಣ್ಣೆ ಯಾರಿಗೋ. ಗಾಡಿಯ ಆಯಿಲ್ ವಿಷಯದಲ್ಲೂ ಅವಳದು ಅದೇ ಕಾನೂನು. ಮೊಳಕಾಲ್ಮೂರಿನ ನಮ್ಮ ಹಳೆಯ ಮೇಸ್ತ್ರಿ ಇದ್ದಷ್ಟು ದಿನ ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಕರಿ ಆಯಿಲ್ ಬಾಂಡ್ಲಿಗೆ ಬೀಳುವುದನ್ನು ಕೊನೆಯ ಹನಿಯವರೆಗೂ ನೋಡಿ, ಆ ಹಳೆಯ ಆಯಿಲನ್ನೂ ಕ್ಯಾನಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದಳು. ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಹತ್ತದಂತೆ ಹಚ್ಚುವುದಕ್ಕೆ ಅದೇ ಆಗುತ್ತಿತ್ತು. ಆ ಮೇಸ್ತ್ರಿಗೆ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ನಮಗೆ ದಿಕ್ಕು ತೋಚದಂತಾಗಿತ್ತು.

ಮೊಳಕಾಲ್ಮೂರು ಸ್ಟ್ಯಾಂಡಿನಲ್ಲಿ ಡ್ರೈವರುಗಳೆಲ್ಲ ಇದನ್ನೇ ಚರ್ಚೆ ಮಾಡುತ್ತಿದ್ದರು. ಆ ಅಂಗಡಿಯಲ್ಲಿ ಮೇಲಿಂದ ಸ್ವಲ್ಪ ಹೊಸದು ಸುರಿದು ಕಳಿಸುತ್ತಾರೆ ಅನ್ನುವವರು ಕೆಲವರು, ಇಲ್ಲ, ಅಪ್ಪಟ ಕೆಲಸ ಅನ್ನುವವರು ಕೆಲವರು. ಕಡ್ಡಿ ಅದ್ದಿ ನೋಡಿದರೂ ಗೊತ್ತಾಗುವುದಿಲ್ಲ, ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೂಡ ಸ್ವಲ್ಪ ದೂರ ಓಡಿದರೆ ಕಪ್ಪಗಾಗುತ್ತದೆ. ಯಾರೂ ಕಣ್ಣಾರೆ ಕಂಡಿರಲಿಲ್ಲ, ಆದರೆ ಎಲ್ಲರ ಹತ್ತಿರವೂ ತೀರ್ಪು ಇತ್ತು. ನಾನು ಟೈಲ್ಸ್ ಕಡೆಯವನು.

ಕೊನೆಗೆ ಇಂಜಿನ್ ಸದ್ದು ಒರಟಾದಾಗ ಸೂರಮ್ಮನೇ ಒಪ್ಪಿದಳು. ತಾನೂ ಬರುತ್ತೇನೆ ಅಂದಳು. ಹೊರಡುವ ಹಿಂದಿನ ಸಂಜೆ ಅವಳು ಗಾಡಿಯ ಹಿಂದೆ ಮುಂದೆ ಸುಳಿದಾಡಿದ್ದನ್ನು ನೋಡಿದೆ. ಕೋಳಿ ಹುಡುಕುತ್ತಿರಬಹುದು ಅಂದುಕೊಂಡು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅಂಗಡಿಯ ಮಾಲೀಕರು ಮುರುಗೇಂದ್ರಪ್ಪ ಅಂತ, ದಪ್ಪ ಮನುಷ್ಯ, ಇಸ್ತ್ರಿ ಅಂಗಿ, ಬಹಳ ಮರ್ಯಾದೆ. ಸೂರಮ್ಮ ತಾನು ಗುಂಡಿಯ ಪಕ್ಕ ನಿಲ್ಲುತ್ತೇನೆ ಅಂದಾಗ ಅವರು ಕೈಮುಗಿದು, ಜಾರಿ ಬಿದ್ದರೆ ನಾವು ಜವಾಬ್ದಾರರಾಗಬೇಕಾಗುತ್ತದೆ, ಯಾರನ್ನೂ ಬಿಡುವುದಿಲ್ಲ ಅಂದರು. ಹಳೆಯ ಆಯಿಲ್ ಕೊಡಿ ಅಂದದ್ದಕ್ಕೆ, ಅದು ಪೈಪಿನಲ್ಲಿ ಹೋಗಿ ನೆಲದೊಳಗಿನ ದೊಡ್ಡ ಟ್ಯಾಂಕಿಗೆ ಸೇರುತ್ತದೆ, ನಿಮ್ಮದು ಯಾವುದು ಇನ್ನೊಬ್ಬರದು ಯಾವುದು ಅಂತ ಬೇರೆ ಮಾಡಲಾಗುವುದಿಲ್ಲ ಅಂದರು. ಹೆಂಡತಿ ನನ್ನ ಮುಖ ನೋಡಿದಳು. ನಾನು ಗಾಜಿನ ರೂಮಿನ ಟಿವಿ ನೋಡಿದೆ.

ಹತ್ತು ನಿಮಿಷ ಅಂತ ಬೋರ್ಡಿನಲ್ಲಿ ಬರೆದಿದ್ದರೂ ನಮ್ಮ ಗಾಡಿ ಬೇಗ ಬರಲಿಲ್ಲ. ಎರಡನೇ ಸಲ ಟೀ ಬಂತು. ಹಿಂದೆ ಕಾಯುತ್ತಿದ್ದ ಕಾರಿನವನು ಹಾರ್ನ್ ಹೊಡೆದ, ಮುರುಗೇಂದ್ರಪ್ಪ ಎದ್ದು ಹೋಗಿ ಗುಂಡಿಯೊಳಗೆ ಬಗ್ಗಿ ಯಾರಿಗೋ ಬೈದು ಬಂದರು. ಆಮೇಲೆ ಗಾಡಿ ಕೊಟ್ಟರು. ಸದ್ದು ಎಷ್ಟು ನಯವಾಗಿತ್ತೆಂದರೆ, ದಾರಿಯುದ್ದಕ್ಕೂ ನಾನು ಟೈಲ್ಸಿನ ಗುಣಗಾನ ಮಾಡಿದೆ. ಸೂರಮ್ಮ ಎಂದಿನಂತೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ ಕೂತಿದ್ದಳು.

ಮನೆ ಮುಟ್ಟಿದ್ದೇ ತಡ, ಅವಳು ಗೋಣಿಚೀಲ ಎಳೆದು, ಮೊಬೈಲಿನ ಬೆಳಕು ಹಿಡಿದು ಗಾಡಿಯ ಕೆಳಗೆ ತೂರಿದಳು. ನನಗೆ ಅವಳ ಪಾದ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಅವಳ ದನಿ ಬಂತು. ಅವಳು ನನ್ನನ್ನು ಮಗಳ ಹೆಸರು ಸೇರಿಸಿಯೇ ಕರೆಯುವುದು.

"ಕಾವ್ಯನಪ್ಪಾ, ಬಾ ಇಲ್ಲಿ. ನಿನ್ ಟೈಲ್ಸಿನೋರ್ ಕೆಲ್ಸ ನೋಡು."

ನಾನೂ ಮಲಗಿ ತೂರಿದೆ. ಇಂಜಿನ್ ಅಡಿಯ ಆಯಿಲ್ ಚೇಂಬರಿಗೆ ಒಂದು ನಟ್ಟು ಇರುತ್ತದೆ, ಅದನ್ನು ಬಿಚ್ಚಿದರೆ ಹಳೆಯ ಆಯಿಲ್ ಇಳಿಯುತ್ತದೆ. ಆ ನಟ್ಟಿನ ತಲೆಗೆ ಅರಿಶಿನದ ದಾರ ಸುತ್ತಿ, ಪಕ್ಕದ ಕಬ್ಬಿಣದ ಪಟ್ಟಿಗೆ ಎಳೆದು ಬಿಗಿದು ಗಂಟು ಹಾಕಿತ್ತು. ನಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದರೂ ದಾರ ಹರಿಯಬೇಕು. ಹರಿದಿರಲಿಲ್ಲ. ಗೌರಸಮುದ್ರದ ಮಾರಮ್ಮನ ಗುಡಿಯಲ್ಲಿ ಕೊಟ್ಟ ದಾರ ಅದು, ನಮ್ಮ ದೇವರ ಗೂಡಿನಲ್ಲಿ ಇತ್ತು. ಗಟ್ಟಿ ದಾರ ಬೇರೆ ಸಿಗಲಿಲ್ಲ, ಅದಕ್ಕೇ ತಗೊಂಡೆ ಅಂದಳು. ಹೆಂಡತಿಯ ಬುದ್ಧಿ ನೋಡಿ ನಾನು ಮಲಗಿದ್ದ ಜಾಗದಲ್ಲೇ ದಂಗಾದೆ. ಅದರ ಹಿಂದೆಯೇ ಪಿತ್ತ ನೆತ್ತಿಗೇರಿತು. ಮತ್ತೆ ಅದೇ ಮೋಸ. ಫಿಲ್ಟರ್ ಹೊಸದಿತ್ತು, ಆಗಲೂ ಹೊಸದೇ ಇತ್ತು. ಕಣ್ಣಿಗೆ ಕಾಣುವುದನ್ನು ಬದಲಾಯಿಸಿ ಕಾಣದ್ದನ್ನು ಹಾಗೇ ಬಿಡುವ ಜನ.

ಬೆಳಗ್ಗೆ ಎದ್ದವರೇ ಬಾಡಿಗೆ ಬಿಟ್ಟು ಚಳ್ಳಕೆರೆಗೆ ಹೊರಟೆವು. ಇಂಜಿನ್ ಬಿಸಿಯಾಗಬಾರದು ಅಂತ ನಾನು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದೆ. ಅಂಗಡಿ ಆಗಷ್ಟೇ ತೆರೆದಿತ್ತು, ಆಗಲೇ ಸಾಲಿನಲ್ಲಿ ಗಾಡಿಗಳಿದ್ದವು. ಸೂರಮ್ಮ ಇಳಿದವಳೇ ಆ ಗಿರಾಕಿಗಳೆಲ್ಲರ ಮುಂದೆ ಮುರುಗೇಂದ್ರಪ್ಪನವರಿಗೆ ಹೇಳಿದಳು. ಗುರುತಿಗೆ ಅಂತ ನಟ್ಟಿಗೆ ದಾರ ಕಟ್ಟಿದ್ದೆ, ದಾರ ಹಾಗೇ ಐತೆ, ಆಯಿಲ್ ಎಲ್ಲಿಂದ ಇಳೀತು ಅಂತ ಕೇಳಿದಳು. ಅವರ ಮುಖದ ಮರ್ಯಾದೆಯೆಲ್ಲ ಇಳಿದುಹೋಯಿತು. ನಮ್ಮ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ನೋಡಿ, ಬೆವರು ಒರೆಸಿಕೊಂಡು ಮೇಲೆ ಬಂದರು.

ಆ ಗಾಡಿ ಮಾಡಿದವನು ಬಾಲರಾಜು. ನನ್ನ ವಯಸ್ಸಿನವನೇ, ಸಣಕಲು ಮೈ, ಕಂಪನಿಯ ಕೆಂಪು ಅಂಗಿ. ಅವನನ್ನು ಎಲ್ಲರ ನಡುವೆ ನಿಲ್ಲಿಸಿ ನಟ್ಟು ಬಿಚ್ಚಿದೆಯೋ ಇಲ್ಲವೋ ಅಂತ ಕೇಳಿದರು. ಬಿಚ್ಚಿಲ್ಲ ಸಾರ್ ಅಂದ. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಕಂಡು ನನಗೆ ಮೈ ಉರಿಯಿತು. ಮುರುಗೇಂದ್ರಪ್ಪ ಕೂಗಾಡಲಿಲ್ಲ. ಅಂಗಿ ಬಿಚ್ಚಿಟ್ಟು ಮನೆಗೆ ಹೋಗು, ನಾಳೆಯಿಂದ ಬರಬೇಡ ಅಂದರು.

ಬಾಲರಾಜು ಅಂಗಿಯ ಗುಂಡಿಗೆ ಕೈ ಹಾಕಿದ. ಹಾಕಿದವನು ಸೂರಮ್ಮನ ಕಡೆ ತಿರುಗಿದ.

"ಗುರುತಿಗೆ ಕಟ್ಟಿದ್ದಾ ಅಕ್ಕ? ನಾನು ಹರಕೆ ಅಂದ್ಕಂಡೆ."

ಅವನು ತಡೆದು ತಡೆದು ಹೇಳಿದ. ಅವನದು ಗೌರಸಮುದ್ರದ ಪಕ್ಕದ ಹಳ್ಳಿ. ಗುಂಡಿಗೆ ಇಳಿದು ಲೈಟ್ ಹಿಡಿದಾಗ ಅಮ್ಮನ ದಾರ ಕಂಡಿತಂತೆ. ಇಂಜಿನ್ನಿಗೆ ಹರಕೆ ಹೊತ್ತವರು ಏನು ಕಷ್ಟ ಪಟ್ಟಿದ್ದಾರೋ, ಅದರ ಮೇಲೆ ಸ್ಪ್ಯಾನರ್ ಇಡುವುದು ಹೇಗೆ ಅನ್ನಿಸಿತಂತೆ. ಮೂಲೆಯಲ್ಲಿ ಆಯಿಲನ್ನು ಮೇಲಿನಿಂದ ಹೀರುವ ಒಂದು ಮಷೀನ್ ಇತ್ತು. ಆಯಿಲ್ ನೋಡುವ ಕಡ್ಡಿಯ ತೂತಿನಲ್ಲಿ ಸಣ್ಣ ಪೈಪ್ ಬಿಟ್ಟರೆ ಚೇಂಬರಿನಲ್ಲಿರುವುದನ್ನೆಲ್ಲ ಎಳೆದುಕೊಳ್ಳುತ್ತದೆ, ಆದರೆ ನಿಧಾನ. ಅದನ್ನು ತಂದು ಆಯಿಲ್ ತೆಗೆದೆ, ಗುಂಡಿಗಿಳಿದು ಕೆಳಗಿನಿಂದ ಫಿಲ್ಟರ್ ಬದಲಾಯಿಸಿದೆ, ಹೊಸದು ಹಾಕಿದೆ ಅಂದ. ಹಾಗಿದ್ದರೆ ಬಂದು ನಮಗೊಂದು ಮಾತು ಯಾಕೆ ಕೇಳಲಿಲ್ಲ ಅಂತ ನಾನು ಗದರಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನಮ್ಮ ಕಡೆ ಒಬ್ಬರು ಕಟ್ಟಿದ ಹರಕೆಯ ವಿಷಯ ಇನ್ನೊಬ್ಬರು ಬಾಯಿಬಿಟ್ಟು ಕೇಳುವುದುಂಟೆ? ನನಗೇ ನಾಚಿಕೆಯಾಯಿತು.

ಮುರುಗೇಂದ್ರಪ್ಪ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮಷೀನ್ ಇರುವುದು ಕೆಳಗೆ ತಗಡು ಮುಚ್ಚಿದ ಕಾರುಗಳಿಗೆ, ಗೂಡ್ಸ್ ಗಾಡಿಗೆ ಅದನ್ನು ಹಾಕು ಅಂದವರು ಯಾರು, ಬಾಯಿಮಾತು ಯಾರು ಬೇಕಾದರೂ ಹೇಳಬಹುದು ಅಂದರು. ದಾರ ಹರಕೆಯದ್ದಲ್ಲ ಅಂತ ಆಯಿತಲ್ಲ, ಈಗಲೇ ಕೊಯ್ದು ನಟ್ಟು ಬಿಚ್ಚು, ಒಳಗಿರುವುದು ಹೊಸ ಆಯಿಲೋ ಹಳೆಯ ಗಸಿಯೋ ಇವರೆಲ್ಲ ನೋಡಲಿ. ಹೊಸದಿದ್ದರೆ ನಿನ್ನ ಕೆಲಸ ನಿನಗೆ. ಅವರ ಮಾತು ನ್ಯಾಯವಾಗಿತ್ತು. ಸಾಲಿನಲ್ಲಿ ನಿಂತವರೂ ಹೌದು ಹೌದು ಅಂದರು. ಒಂದು ದಾರ ಕೊಯ್ದರೆ ಮುಗಿಯಿತು, ಅವನು ಉಳಿದ.

ಬಾಲರಾಜು ಬಗ್ಗಿ ನೋಡಿದ. ಇಂಜಿನ್ ಬಿಸಿಗೆ ಅರಿಶಿನ ಕಂದಿ, ದಾರ ಇನ್ನೂ ಬಿಗಿಯಾಗಿ ನಿಂತಿತ್ತು.

"ಗುರುತಿಗೆ ಕಟ್ಟಿದ್ರೂ ಅಮ್ಮನ ದಾರ ಅಮ್ಮನದೇ ಸಾರ್. ನಾನ್ ಕೊಯ್ಯಲ್ಲ."

ಹೇಳಿ ಅವನು ಮತ್ತೆ ಅಂಗಿಯ ಗುಂಡಿ ಬಿಚ್ಚತೊಡಗಿದ. ಮಂಡಿಯಲ್ಲಿ ಮೂಟೆ ಹೊತ್ತವನಿಗೆ ಗೊತ್ತು, ಈ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವನು ಮತ್ತೆ ಎಲ್ಲಿ ನಿಲ್ಲಬೇಕು ಅಂತ. ಇವನು ಮನೆಯಲ್ಲಿ ಕಾಯುವವರನ್ನು ನೆನೆಸಿಕೊಳ್ಳಬಾರದೇ ಅನ್ನಿಸಿತು. ಅವನ ಕೈ ನೋಡಿದೆ, ಒಂದೇ ಗುಂಡಿಯನ್ನು ಮತ್ತೆ ಮತ್ತೆ ತಡಕಾಡುತ್ತಿತ್ತು. ನೆನೆಸಿಕೊಳ್ಳುತ್ತಲೇ ಇದ್ದಾನೆ, ಆದರೂ ಬಿಚ್ಚುತ್ತಿದ್ದಾನೆ.

ಅವನ ಹಟ ಕಂಡು ಮುರುಗೇಂದ್ರಪ್ಪನವರಿಗೆ ಈಗ ನಿಜವಾಗಿ ಸಿಟ್ಟು ಬಂತು. ಒಂದೊಂದಾಗಿ ಅವನ ತಪ್ಪು ಎಣಿಸತೊಡಗಿದರು. ಹತ್ತು ನಿಮಿಷದ ಕೆಲಸಕ್ಕೆ ಗಿರಾಕಿಗಳನ್ನು ಕಾಯಿಸಿದ, ಹೇಳದೆ ಮಷೀನ್ ಮುಟ್ಟಿದ, ಅದೂ ಸಾಲದು ಅಂತ ಕಂಪನಿಯ ಬೂಟು ಬಿಚ್ಚಿ ಮೂಲೆಗಿಟ್ಟು ಗುಂಡಿಯೊಳಗೆ ನಿಂತಿದ್ದ.

"ನಿನ್ನೆ ಬರಿಗಾಲಲ್ಲಿ ನಿಂತಿದ್ಯಲ್ಲ, ಆಗ್ಲೇ ಕಳಿಸ್ಬೇಕಾಗಿತ್ತು ನಿನ್ನ. ಆಯಿಲ್ ನೆಲ, ಸ್ಪ್ಯಾನರ್ ಬಿದ್ರೆ ಕಾಲು ಹೋಗ್ತಿತ್ತು."

ಅಂದವರಿಗೆ ತಾವು ಏನು ಹೇಳಿದೆವು ಅನ್ನುವುದು ಹೊಳೆಯಲಿಲ್ಲ. ಸೂರಮ್ಮನಿಗೆ ಹೊಳೆಯಿತು. ಯಾವ ಗಾಡಿ ಮೇಲಿದ್ದಾಗ ಅಂತ ಕೇಳಿದಳು. ಅವರು ನಮ್ಮ ಗಾಡಿಯ ಕಡೆ ಕೈ ತೋರಿಸಿದರು. ತೋರಿಸಿದ ಕೈ ಹಾಗೇ ನಿಂತಿತು. ಅವರಿಗೂ ಅದು ನಿಧಾನವಾಗಿ ಹೊಳೆಯುವುದನ್ನು ನಾನು ನೋಡಿದೆ.

ಯಾರೂ ನೋಡದ ಗುಂಡಿಯೊಳಗೆ, ಮೇಲೆ ಹಾರ್ನ್ ಹೊಡೆಯುತ್ತಿರುವಾಗ, ಮಾಲೀಕರು ಬಗ್ಗಿ ಬೈಯುತ್ತಿರುವಾಗ, ಒಬ್ಬ ಮನುಷ್ಯ ಗುಡಿಯಲ್ಲಿ ನಿಂತ ಹಾಗೆ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಿಂತು ನಮ್ಮ ಇಂಜಿನ್ನಿನ ಕೆಲಸ ಮಾಡಿದ್ದಾನೆ. ನಾನು ಆಗ ಗಾಜಿನ ಆಚೆ ಎರಡನೇ ಟೀ ಕುಡಿಯುತ್ತಿದ್ದೆ. ಟೈಲ್ಸಿಗೆ, ಟ್ಯೂಬ್‌ಲೈಟಿಗೆ ಬೆರಗಾದವನು ನಾನು. ಅವುಗಳ ನಡುವೆ ಇಂಥದೊಂದು ನಡೆದಿರಬಹುದು ಅಂತ ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಸೂರಮ್ಮ ಗುಂಡಿಯ ಮೆಟ್ಟಿಲ ಹತ್ತಿರ ಹೋಗಿ ಚಪ್ಪಲಿ ಬಿಟ್ಟಳು. ಮುರುಗೇಂದ್ರಪ್ಪ ಈ ಸಲ ತಡೆಯಲಿಲ್ಲ. ಅವಳ ಹಿಂದೆ ನಾನೂ ಇಳಿದೆ. ತಲೆಯೆತ್ತಿ ನೋಡಿದರೆ ನನ್ನ ಗಾಡಿ ಆಕಾಶದಂತೆ ಮೇಲೆ ಹರಡಿಕೊಂಡಿತ್ತು. ಇಷ್ಟು ವರ್ಷ ಓಡಿಸಿದ್ದೇನೆ, ಅದರ ಅಡಿಯನ್ನು ಒಟ್ಟಿಗೆ ಇಡಿಯಾಗಿ ಎಂದೂ ನೋಡಿರಲಿಲ್ಲ. ಯಾವ ಯಾವ ದಾರಿಯ ಮಣ್ಣೋ ಪದರ ಪದರವಾಗಿ ಅಂಟಿತ್ತು. ಕಲ್ಲು ಬಡಿದ ತಗ್ಗುಗಳು, ತುಕ್ಕು, ತೇಪೆ. ನಮ್ಮನ್ನು ಇಷ್ಟು ದಿನ ಹೊತ್ತದ್ದು ಇದೇನಾ ಅನ್ನಿಸಿತು.

ಎಲ್ಲರೂ ಅವಳು ದಾರ ಬಿಚ್ಚುತ್ತಾಳೆ ಅಂದುಕೊಂಡರು. ನಾನೂ ಅಂದುಕೊಂಡೆ, ಅವಳಿಗಾದರೆ ದೋಷವಿಲ್ಲ, ಕಟ್ಟಿದವಳು ಅವಳೇ. ಅವಳು ಕೈಯೆತ್ತಿ ಗಂಟನ್ನು ಮುಟ್ಟಿದಳು. ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಮೇಲೆ ಹತ್ತಿ ಬಂದು ಮಾಲೀಕರ ಎದುರು ನಿಂತಳು.

"ಬಿಚ್ಚೋದು ಬ್ಯಾಡ ಬಿಡ್ರಿ. ಗಾಡಿ ನಮ್ದು, ನನಗೆ ಗೊತ್ತಾತು. ಅಂಗಿ ಹಾಕ್ಕಳಾಕೆ ಹೇಳ್ರಿ ಅವಯ್ಯನಿಗೆ."

ಎಣ್ಣೆ ಕಣ್ಣೆದುರೇ ಡಬ್ಬಿಗೆ ಇಳಿಯಬೇಕು ಅನ್ನುವ ಹೆಂಗಸು ಇವಳೇನಾ ಅಂತ ನಾನು ನೋಡುತ್ತಲೇ ಇದ್ದೆ. ಮುರುಗೇಂದ್ರಪ್ಪ ಮೂಲೆಗೆ ನಡೆದು ಹೀರುವ ಮಷೀನಿನ ಮುಚ್ಚಳ ಎತ್ತಿದರು. ಒಳಗೆ ಇಣುಕಿದರು, ಕಡ್ಡಿ ಅದ್ದಿ ತೆಗೆದರು. ಕಡ್ಡಿ ಅರ್ಧಕ್ಕೆ ಕರ್ರಗೆ ಒದ್ದೆಯಾಗಿತ್ತು, ಮಂದವಾದ ಹಳೆಯ ಆಯಿಲ್ ತುದಿಯಿಂದ ದಾರದಂತೆ ಇಳಿಯಿತು. ಅದನ್ನು ನಾನು ನೋಡಿದೆ, ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಸೂರಮ್ಮ ಮಾತ್ರ ಆ ಕಡೆ ತಿರುಗಲಿಲ್ಲ. ಅವಳು ಬಾಲರಾಜುವಿನ ಮನೆಯವರ ಬಗ್ಗೆ, ಅವನ ಊರಿನ ಮಳೆಯ ಬಗ್ಗೆ ವಿಚಾರಿಸುತ್ತಿದ್ದಳು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಉತ್ತರ ಹೇಳುತ್ತಿದ್ದ. ಮಾಲೀಕರು ಬಂದು, ಮುಂದಿನ ಗಾಡಿ ತಗೋ ಬಾಲರಾಜು, ಬೂಟು ಹಾಕ್ಕೊಂಡು ಅಂದರು. ದನಿ ಸಣ್ಣದಾಗಿತ್ತು.

ವಾಪಸ್ ಬರುವಾಗ ನನಗೆ ಮಾತು ನಿಲ್ಲಲಿಲ್ಲ. ಇನ್ನು ಸ್ಟ್ಯಾಂಡಿನಲ್ಲಿ ಯಾರಾದರೂ ಆ ಅಂಗಡಿಯ ಬಗ್ಗೆ ಬಾಯಿ ತೆರೆದರೆ ನೋಡಿಕೊಳ್ಳುತ್ತೇನೆ ಅಂದೆ. ಆಮೇಲೆ ನನಗೇ ಒಂದು ಸಂಶಯ ಬಂತು. ಎಲ್ಲ ಅಂಗಡಿಯಲ್ಲೂ ಬಾಲರಾಜು ಇರುತ್ತಾನೆಯೇ? ಅವನು ರಜಾ ಹಾಕಿದ ದಿನ ಅದೇ ಅಂಗಡಿಯಲ್ಲಿ ಏನು ಗತಿ? ಇದಕ್ಕೆ ಅವಳ ಹತ್ತಿರ ಏನಾದರೂ ಉತ್ತರ ಇರುತ್ತದೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಮುನಿಸಿಕೊಂಡಳೇನೋ ಅಂತ ತಿರುಗಿ ನೋಡಿದೆ.

ಸೂರಮ್ಮ ನಿದ್ದೆ ಹೋಗಿದ್ದಳು. ಕಿಟಕಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಮಗುವಿನ ನಿದ್ದೆ. ಇಂಜಿನ್ ಹಿಡಿದುಕೊಂಡ ಆ ಮಧ್ಯಾಹ್ನದಿಂದ ಈಚೆಗೆ ಅವಳು ಈ ಗಾಡಿಯಲ್ಲಿ ಕಣ್ಣು ಮುಚ್ಚಿದವಳಲ್ಲ. ಎಷ್ಟೇ ದಣಿದಿರಲಿ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ ಇಂಜಿನ್ನಿನ ನಡುಕ ಕೇಳುತ್ತ ಕೂತಿರುತ್ತಿದ್ದಳು. ಅದು ಅವಳ ಕೂರುವ ರೀತಿ ಅಂತಲೇ ನಾನು ತಿಳಿದಿದ್ದೆ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಅವಳು ಹೆದರಿಕೊಂಡೇ ಕೂತಿದ್ದಳು ಅನ್ನುವುದು, ಆ ಕೈ ಮಡಿಲಿಗೆ ಬಿದ್ದಿರುವುದನ್ನು ಕಂಡ ಮೇಲೆ ನನಗೆ ತಿಳಿಯಿತು.

ಎದುರಿಗೆ ಕುರಿ ಹಿಂಡು ಬಂತು. ನಾನು ಹಾರ್ನ್ ಹೊಡೆಯಲಿಲ್ಲ. ಗಾಡಿ ನಿಲ್ಲಿಸಿ, ಅವೆಲ್ಲ ದಾಟುವವರೆಗೂ ಕಾದೆ.